ನಂಜಿನ ಮೈ

ನಮ್ಮ ಸೋದರತ್ತೆಯ ಬಲಗಿವಿಗೆ ಎರಡು ತೂತು. ಕೆಳಗಿನದು ಓಲೆಯದು. ಹುಟ್ಟಿದ ವರ್ಷವೇ ಅಕ್ಕಸಾಲಿ ಚಿನ್ನದ ತಂತಿಯಲ್ಲಿ ಚುಚ್ಚಿದ್ದು. ಅರವತ್ತು ವರ್ಷ ಓಲೆಯ ಭಾರ ಹೊತ್ತರೂ ಒಂದು ದಿನ ತಕರಾರು ಮಾಡಿದ್ದಲ್ಲ. ಮೇಲಿನದು ಬುಗುಡಿಯದು. ಮದುವೆ ಗೊತ್ತಾದ ಮೇಲೆ, ಹದಿನೇಳರ ವಯಸ್ಸಿನಲ್ಲಿ, ಅದೇ ಅಕ್ಕಸಾಲಿಯ ಕೈಯಲ್ಲಿ ಚುಚ್ಚಿಸಿದ್ದು. ಗಾಯ ಒಣಗಿತು, ಹಕ್ಕಳೆ ಉದುರಿತು, ಎಲ್ಲ ಮುಗಿಯಿತು ಅಂದುಕೊಂಡ ಮೂರು ತಿಂಗಳಿಗೆ ಅಲ್ಲಿ ಹುಣಸೆಬೀಜದಷ್ಟು ಗಂಟೊಂದು ಎದ್ದಿತು. ವರ್ಷದೊಳಗೆ ನೆಲ್ಲಿಕಾಯಿ ಗಾತ್ರವಾಯಿತು. ನುಣ್ಣಗೆ ಹೊಳೆಯುವ ಚರ್ಮ, ಒಳಗೆ ಬಿಡದ ನವೆ. ಒಮ್ಮೆ ಕೊಯ್ಸಿದರು, ಮೊದಲಿಗಿಂತ ದೊಡ್ಡದಾಗಿ ಬಂತು. ಇನ್ನೊಮ್ಮೆ ಕೊಯ್ಸಿದರು, ಮತ್ತೂ ದೊಡ್ಡದಾಗಿ ಬಂತು. ಬಲಗಿವಿ ಮಾಯ್ದ ಮೇಲೆ ಎಡಗಿವಿಗೆ ಚುಚ್ಚಿಸುವುದೆಂದು ಇಟ್ಟುಕೊಂಡಿದ್ದರಂತೆ; ಆ ಸರದಿ ಬರಲೇ ಇಲ್ಲ. ಬುಗುಡಿ ಜೋಡಿ ಪೆಟ್ಟಿಗೆಯಲ್ಲೇ ಉಳಿಯಿತು. ಅತ್ತೆಗೆ ಸೆರಗನ್ನು ಬಲಗಿವಿಯ ಮೇಲೆ ಎಳೆದುಕೊಳ್ಳುವುದು ಅಭ್ಯಾಸವಾಯಿತು.

ಮನೆಯವರ ತೀರ್ಪು ಒಂದೇ ಮಾತಿನದು: ‘ಅವಳದು ನಂಜಿನ ಮೈ.’ ಆ ತೀರ್ಪಿನ ಸುತ್ತ ಆರೋಪಪಟ್ಟಿಯೂ ಇತ್ತು. ಅಕ್ಕಸಾಲಿಯ ಕೈ ಚೆನ್ನಾಗಿರಲಿಲ್ಲ, ಹಸಿಗಾಯದಲ್ಲಿ ಬದನೆಕಾಯಿ ತಿಂದಳು, ಮದುವೆಮನೆಯಲ್ಲಿ ಯಾರದೋ ಕಣ್ಣು ಬಿತ್ತು. ಆರೋಪಗಳು ಬದಲಾಗುತ್ತಿದ್ದವು, ತೀರ್ಪು ಮಾತ್ರ ಬದಲಾಗಲಿಲ್ಲ.

ಈ ‘ನಂಜಿನ ಮೈ’ ಎಂಬ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಎರಡು ಸಂಗತಿಗಳು ಅಂಟಿಕೊಂಡಿವೆ. ಒಂದು, ಗಮನಿಸಿ ಕಂಡುಕೊಂಡದ್ದು: ಒಂದೇ ಸೂಜಿಗೆ ಎಲ್ಲ ಮೈಗಳೂ ಒಂದೇ ಥರ ಉತ್ತರ ಕೊಡುವುದಿಲ್ಲ, ಆ ವ್ಯತ್ಯಾಸ ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ಇನ್ನೊಂದು, ಹೊರಿಸಿದ್ದು: ಆ ಮೈಯೊಳಗೆ ಏನೋ ಕೆಟ್ಟದ್ದಿದೆ. ಕಳೆದ ಕಾಲು ಶತಮಾನದ ವಂಶವಾಹಿ ಸಂಶೋಧನೆ ಮೊದಲನೆಯದನ್ನು ಎತ್ತಿಹಿಡಿದಿದೆ, ಎರಡನೆಯದಕ್ಕೆ ಆಧಾರ ಕೊಟ್ಟಿಲ್ಲ. ತಮಾಷೆಯೆಂದರೆ, ವಿಜ್ಞಾನದ ಭಾಷೆಯಲ್ಲಿ ಮಾತಾಡುವ ನಾವೂ ನಂಜು ಎಂಬ ಪದ ತೆಗೆದು ‘ವಂಶವಾಹಿ ದೋಷ’ ಎಂಬ ಪದ ಕೂರಿಸಿ, ಹಳೆಯ ತೀರ್ಪನ್ನೇ ಹೊಸ ಮೊಹರಿನೊಂದಿಗೆ ಹೊರಡಿಸುತ್ತಿದ್ದೇವೆ. ನನ್ನ ತಕರಾರು ಇರುವುದು ಅಲ್ಲಿ.

ಅತ್ತೆಯ ಕಿವಿಯ ಗಂಟಿಗೆ ವೈದ್ಯರು ಹೇಳುವ ಹೆಸರು ಕೀಲಾಯ್ಡ್. ಪ್ಯಾರಿಸಿನ ಚರ್ಮವೈದ್ಯ ಜಾನ್ ಲೂಯಿ ಅಲಿಬೆರ್ 1806ರಲ್ಲಿ ಇದನ್ನು ವರ್ಣಿಸಿದಾಗ ಕ್ಯಾನ್ಸರಿನ ಹೋಲಿಕೆಯ ಹೆಸರು ಕೊಟ್ಟಿದ್ದ. ಇದು ಕ್ಯಾನ್ಸರ್ ಅಲ್ಲವೆಂದು ಖಚಿತವಾದ ಮೇಲೆ ಗ್ರೀಕ್ ಭಾಷೆಯ ‘ಏಡಿಯ ಕೊಂಡಿ’ ಎಂಬ ಅರ್ಥದ ಪದದಿಂದ ಹೊಸ ಹೆಸರು ಕಟ್ಟಿದ. ಕ್ಯಾನ್ಸರನ್ನು ಏಡಿಗಂತಿ ಎಂದು ಕರೆದ ಕನ್ನಡಕ್ಕೆ ಇದರ ವ್ಯಂಗ್ಯ ಬೇಗ ತಿಳಿಯುತ್ತದೆ: ವೈದ್ಯ ರೋಗದ ಹೆಸರು ಬದಲಿಸಿದ, ಏಡಿ ಮಾತ್ರ ಹೋಗಲಿಲ್ಲ. ಏಡಿಯ ಹೋಲಿಕೆಗೆ ಕಾರಣವಿದೆ. ಕೀಲಾಯ್ಡ್ ತಾನು ಹುಟ್ಟಿದ ಗಾಯದ ಎಲ್ಲೆ ದಾಟಿ ಪಕ್ಕದ ಒಳ್ಳೆಯ ಚರ್ಮದೊಳಕ್ಕೆ ಕೈಚಾಚುತ್ತದೆ. ಹೊಲಿಗೆ ಹಾಕಿದ ಜಾಗ ಕೆಲವು ವಾರಗಳಲ್ಲಿ ಕೆಂಪಗೆ ಉಬ್ಬಿ, ಗಾಯದ ಗಡಿಯೊಳಗೇ ನಿಂತು, ವರ್ಷ ಎರಡು ವರ್ಷಕ್ಕೆ ತಾನಾಗಿ ತಗ್ಗುವುದು ಬೇರೆ. ಅದು ಬರಿಯ ದಪ್ಪಗಟ್ಟಿದ ಕಲೆ. ಕೀಲಾಯ್ಡ್ ತಡವಾಗಿ ಬರುತ್ತದೆ, ಗಡಿ ದಾಟುತ್ತದೆ, ತಾನಾಗಿ ಹೋಗುವುದಿಲ್ಲ. ಬರಿದೇ ಕೊಯ್ದು ತೆಗೆದರೆ ಮರಳಿ ಬರುವ ಸಂಭವ ಶೇ. 45ರಿಂದ 100ರವರೆಗೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಅಕ್ಷರಶಃ ಇದೇ.

ಗಾಯ ಮಾಯುವುದು ಒಂದು ತೇಪೆ ಕೆಲಸ. ರಕ್ತ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ, ಉರಿಯೂತದ ಕೋಶಗಳು ಬಂದು ಕಸ ಗುಡಿಸುತ್ತವೆ, ಆಮೇಲೆ ಫೈಬ್ರೋಬ್ಲಾಸ್ಟ್ ಎಂಬ ನಾರುಕೋಶಗಳು ಕೊಲ್ಯಾಜನ್ ಎಂಬ ಹುರಿಯನ್ನು ನೇಯುತ್ತವೆ. ಆ ನೇಯ್ಗೆ ಎಷ್ಟೇ ಚೆನ್ನಾಗಿದ್ದರೂ ಮೂಲ ಚರ್ಮದ ಗಟ್ಟಿತನದ ಸುಮಾರು ಶೇ. 80ನ್ನು ಮೀರುವುದಿಲ್ಲ. ಕೆಲಸ ಮುಗಿಯುತ್ತಲೇ ನೇಕಾರರು ಜಾಗ ಖಾಲಿ ಮಾಡಬೇಕು. ಬಹುಪಾಲು ಕೋಶಗಳು ತಾವಾಗಿ ಸಾಯುತ್ತವೆ. ಕೀಲಾಯ್ಡಿನಲ್ಲಿ ತಪ್ಪುವುದು ಈ ಕೊನೆಯ ಹಂತ. ‘ಸಾಕು’ ಎಂಬ ಸಂದೇಶ ಮುಟ್ಟುವುದಿಲ್ಲ, ಅಥವಾ ಮುಟ್ಟಿದರೂ ಕೋಶಗಳು ಕೇಳಿಸಿಕೊಳ್ಳುವುದಿಲ್ಲ. ಮಗ್ಗ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಇದು ಮಾಯದ ಗಾಯವಲ್ಲ, ಮಾಯುವುದನ್ನು ನಿಲ್ಲಿಸದ ಗಾಯ. ಇದು ಮನುಷ್ಯರಿಗೆ ಮಾತ್ರ ಬರುವ ತೊಂದರೆ. ಕುದುರೆಯ ಕಾಲಿನ ಗಾಯದಲ್ಲಿ ಮಾಂಸ ಉಕ್ಕಿ ಬರುವುದುಂಟು, ಆದರೆ ಅದು ಕೀಲಾಯ್ಡ್ ಅಲ್ಲ. ಇಲಿಯ ಮೇಲೆ ಇದನ್ನು ಇದ್ದ ಹಾಗೆ ಸೃಷ್ಟಿಸಿ ಪರೀಕ್ಷಿಸಲಾಗದ ಕಾರಣ ಸಂಶೋಧನೆಯೂ ನಿಧಾನ.

‘ಸಾಕು’ ಎಂಬ ಸಂದೇಶ ತಪ್ಪುವುದಕ್ಕೆ ಮನೆತನದ ಪಾಲೆಷ್ಟು? ನಮ್ಮ ಮನೆಯನ್ನೇ ಸಾಕ್ಷಿಗೆ ಕರೆಯುತ್ತೇನೆ. ಅತ್ತೆಯ ಅಣ್ಣ, ಅಂದರೆ ನಮ್ಮಪ್ಪನ ಎದೆಯ ನಡುವೆ ಬೆರಳಗಲದ ಉಬ್ಬು ಬರೆಯೊಂದಿತ್ತು. ಕಾಲೇಜಿನ ದಿನಗಳಲ್ಲಿ ಎದ್ದ ಒಂದು ಸಣ್ಣ ಗುಳ್ಳೆಯ ಉಳಿಕೆ. ನನಗೆ ಏನೂ ಇಲ್ಲ. ಮರದಿಂದ ಬಿದ್ದ ಮೊಣಕಾಲು, ಅಪೆಂಡಿಕ್ಸ್ ಆಪರೇಷನ್ನಿನ ಹೊಟ್ಟೆ, ಎಲ್ಲ ಮಾಯ್ದು ಗೆರೆಯಾಗಿವೆ. ಅಂದಮಾತ್ರಕ್ಕೆ ನಾನು ಆ ಪ್ರವೃತ್ತಿಯನ್ನು ಹೊತ್ತಿಲ್ಲವೆಂದು ಹೇಳಲಾಗದು. 2001ರಲ್ಲಿ ಪ್ರಕಟವಾದ ಒಂದು ಮುಖ್ಯ ಅಧ್ಯಯನ 14 ಕುಟುಂಬಗಳ 341 ಜನರನ್ನು ಪರಿಶೀಲಿಸಿ, ಅವರಲ್ಲಿ 96 ಮಂದಿಗೆ ಕೀಲಾಯ್ಡ್ ಇರುವುದನ್ನು ಕಂಡಿತು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು ಎಂಬಂತೆ ಅದು ಇಳಿದು ಬರುತ್ತಿತ್ತು. ಆದರೆ ಕೆಲವರು ತಮ್ಮ ಮೈಮೇಲೆ ಒಂದೂ ಗಂಟಿಲ್ಲದೆ ಅದನ್ನು ಮಕ್ಕಳಿಗೆ ದಾಟಿಸಿದ್ದರು. ಒಂದೇ ಮನೆಯಲ್ಲಿ ಒಬ್ಬರಿಗೆ ಕಿವಿಯಲ್ಲೊಂದು ಕಾಳು, ಇನ್ನೊಬ್ಬರಿಗೆ ಮೈತುಂಬ ಬರೆ. ಇಷ್ಟು ಸಡಿಲವಾದ ಕಾಯಿದೆ ಅದು.

ಹಾಗಾದರೆ ಆ ವಂಶವಾಹಿ ಯಾವುದು? ಅದೇ ಸಂಶೋಧಕರ ಗುಂಪು 2004ರಲ್ಲಿ ಎರಡು ದೊಡ್ಡ ಕುಟುಂಬಗಳ ವರ್ಣತಂತುಗಳನ್ನು ಜಾಲಾಡಿತು. ಜಪಾನಿನ ಕುಟುಂಬದಲ್ಲಿ ಸುಳಿವು 2ನೆಯ ವರ್ಣತಂತುವಿನಲ್ಲಿ ಸಿಕ್ಕಿತು. ಆಫ್ರಿಕನ್ ಅಮೆರಿಕನ್ ಕುಟುಂಬದಲ್ಲಿ 7ನೆಯದರಲ್ಲಿ. ಕಾಯಿಲೆ ಒಂದೇ, ವಿಳಾಸ ಎರಡು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಕುಟುಂಬಗಳನ್ನು ಬಿಟ್ಟು ಜನಸಮೂಹಕ್ಕೆ ಹೋದರು. ಕೀಲಾಯ್ಡ್ ಇರುವ ನೂರಾರು ಮಂದಿಯ ಡಿಎನ್‌ಎಯನ್ನು ಇಲ್ಲದ ಸಾವಿರಾರು ಮಂದಿಯದರ ಜೊತೆ ಆಯ್ದ ಅಕ್ಷರಗಳಲ್ಲಿ ಹೋಲಿಸಿದಾಗ 1, 3 ಮತ್ತು 15ನೆಯ ವರ್ಣತಂತುಗಳ ಮೂರು ಪ್ರದೇಶಗಳು ಎದ್ದು ಕಂಡವು. 15ನೆಯದರಲ್ಲಿ ಸಿಕ್ಕ ನೆಡ್4 ಎಂಬ ವಂಶವಾಹಿ, ಕೆಲಸ ಮುಗಿಸಿದ ಪ್ರೋಟೀನುಗಳಿಗೆ ವಿಲೇವಾರಿಯ ಚೀಟಿ ಅಂಟಿಸುವ ಕಿಣ್ವವನ್ನು ತಯಾರಿಸುತ್ತದೆ. ಚೀನಾದ ಹಾನ್ ಜನರಲ್ಲೂ ಈ ಸುಳಿವು ಮತ್ತೆ ಕಂಡಿತು. 2017ರಲ್ಲಿ ನೈಜೀರಿಯಾದ ಯೊರುಬಾ ಕುಟುಂಬವೊಂದರಲ್ಲಿ ಸಿಕ್ಕಿದ್ದು ಬೇರೆಯೇ ಒಂದು ವಂಶವಾಹಿ, ಕೊಬ್ಬಿನ ಜಾತಿಯ ಅಣುಗಳನ್ನು ಒಡೆಯುವ ಕಿಣ್ವದ್ದು.

ಇಷ್ಟು ವಿಳಾಸಗಳು ಸಿಕ್ಕಿದ್ದು ಸಂಶೋಧನೆಯ ಸೋಲಲ್ಲ, ಅದೇ ಅದರ ಫಲಿತಾಂಶ. ಕೀಲಾಯ್ಡಿಗೆ ಒಬ್ಬ ಅಪರಾಧಿ ಇಲ್ಲ. ನೂರಾರು ಜನ ಸಹಿ ಹಾಕಿದ ಅರ್ಜಿಯಂತೆ ಅದು. ಒಂದೊಂದು ಸಹಿಯ ತೂಕ ಸಣ್ಣದು. 2010ರ ಅಧ್ಯಯನದಲ್ಲಿ ಎದ್ದು ಕಂಡ ಅಕ್ಷರಭೇದಗಳು ಒಂದೇ ಒಂದು ಗಂಟಿಲ್ಲದೆ ಬಾಳಿದ ಸಾವಿರಾರು ಜನರ ಮೈಯಲ್ಲೂ ಇದ್ದವು. ಅಂಥದ್ದನ್ನು ದೋಷವೆಂದರೆ ಊರಿನ ಅರ್ಧ ಜನರನ್ನು ದೋಷಿಗಳೆನ್ನಬೇಕಾಗುತ್ತದೆ.

ನಿಜವಾಗಿಯೂ ಒಂದೇ ವಂಶವಾಹಿ ಕೆಟ್ಟು ಕೀಲಾಯ್ಡ್ ಬರುವ ಉದಾಹರಣೆಗಳೂ ಇವೆ, ಅವನ್ನು ಮುಚ್ಚಿಟ್ಟು ವಾದಿಸಬಾರದು. ರೂಬಿನ್‌ಸ್ಟೈನ್–ಟೇಬಿ ಸಿಂಡ್ರೋಮ್ ಇರುವವರಲ್ಲಿ ಅಗಲವಾದ ಹೆಬ್ಬೆರಳು, ಬುದ್ಧಿಯ ಬೆಳವಣಿಗೆಯಲ್ಲಿ ಹಿನ್ನಡೆ, ಇವುಗಳ ಜೊತೆಗೆ ಸುಮಾರು ಕಾಲುಭಾಗ ಮಂದಿಗೆ ಕೀಲಾಯ್ಡ್ ಬರುತ್ತದೆ, ಕೆಲವೊಮ್ಮೆ ಗಾಯವಾದದ್ದೇ ನೆನಪಿಲ್ಲದ ಜಾಗದಲ್ಲಿ. ಅಲ್ಲಿ ಹಾಳಾಗಿರುವುದು ನೂರಾರು ವಂಶವಾಹಿಗಳಿಗೆ ಆಜ್ಞೆ ಕೊಡುವ ಒಂದು ಮೇಲ್ವಿಚಾರಕ ವಂಶವಾಹಿ. ಇದರ ತದ್ವಿರುದ್ಧ ತುದಿಯಲ್ಲಿ ಏಲರ್ಸ್–ಡಾನ್ಲೋಸ್ ಸಿಂಡ್ರೋಮ್ ಇದೆ. ಅದರ ಒಂದು ಬಗೆಯಲ್ಲಿ ಐದನೆಯ ಜಾತಿಯ ಕೊಲ್ಯಾಜನ್ನಿನ ವಂಶವಾಹಿ ಕೆಟ್ಟು, ಗಾಯದ ಕಲೆ ಉಬ್ಬುವ ಬದಲು ಸಿಗರೇಟಿನ ಕಾಗದದಂತೆ ತೆಳ್ಳಗೆ ಸುಕ್ಕುಗಟ್ಟುತ್ತದೆ. ಇವನ್ನು ದೋಷ ಎಂದು ಕರೆಯಲು ಅಡ್ಡಿಯಿಲ್ಲ. ಆದರೆ ಇವೆರಡೂ ಅಪರೂಪದ ಕಾಯಿಲೆಗಳು. ಅತ್ತೆಯಂಥ ಲಕ್ಷಾಂತರ ಜನರ ಗಂಟನ್ನು ಇವುಗಳ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇನ್ನೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ಕೀಲಾಯ್ಡಿನ ಚರ್ಮದಲ್ಲಿ ವಂಶವಾಹಿ ಅಸಹಜತೆ ಪತ್ತೆ’ ಎಂಬ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಆ ಮಾತಿಗೆ ಎರಡು ಅರ್ಥವಿದೆ, ಸುದ್ದಿಯಲ್ಲಿ ಎರಡೂ ಕಲಸಿಹೋಗುತ್ತವೆ. ಹುಟ್ಟಿನಿಂದ ಮೈಯ ಪ್ರತಿ ಕೋಶದಲ್ಲೂ ಇರುವ ಬರಹ ಒಂದು. ಆ ಬರಹದ ಯಾವ ಪುಟವನ್ನು ಯಾವ ಕೋಶ ಜೋರಾಗಿ ಓದುತ್ತಿದೆ, ಯಾವುದನ್ನು ಮುಚ್ಚಿಟ್ಟಿದೆ ಎಂಬುದು ಇನ್ನೊಂದು. ಗಂಟಿನ ತುಣುಕನ್ನು ಪ್ರಯೋಗಾಲಯಕ್ಕೆ ಒಯ್ದು ನೋಡಿದಾಗ ಕಾಣುವ ವ್ಯತ್ಯಾಸಗಳಲ್ಲಿ ಬಹುಪಾಲು ಎರಡನೆಯ ಬಗೆಯವು. 2021ರಲ್ಲಿ ಚೀನಾದ ಸಂಶೋಧಕರು ಕೋಶಗಳನ್ನು ಒಂದೊಂದಾಗಿ ಬಿಡಿಸಿ ಓದಿದಾಗ, ಕೀಲಾಯ್ಡಿನಲ್ಲಿ ನಾರುಕೋಶಗಳ ಒಂದು ನಿರ್ದಿಷ್ಟ ಪಂಗಡ ವಿಪರೀತ ಹೆಚ್ಚಿರುವುದು ಕಂಡಿತು; ಮೂಳೆ, ಮೃದ್ವಸ್ಥಿಗಳ ಬೆಳವಣಿಗೆಗೆ ಬೇಕಾದ ಪುಟಗಳನ್ನು ಅವು ಓದುತ್ತಿದ್ದವು. ಇದು ಬೆಲೆಯುಳ್ಳ ತಿಳಿವಳಿಕೆ. ಆದರೆ ಅದು ಕಾರಣವೋ ಪರಿಣಾಮವೋ? ವರ್ಷಗಟ್ಟಲೆ ಗಂಟಿನೊಳಗೆ ಒತ್ತಿಕೊಂಡು, ಆಮ್ಲಜನಕ ಸಾಲದೆ ಬದುಕಿದ ಕೋಶ ಬೇರೆ ಪುಟ ಓದುವುದರಲ್ಲಿ ಆಶ್ಚರ್ಯವಿಲ್ಲ. ಗಂಟನ್ನು ಗಾಯವೇ ಆಗದ ಚರ್ಮದೊಂದಿಗೆ ಹೋಲಿಸಿದರೆ ಎಲ್ಲವೂ ಅಸಹಜವಾಗಿಯೇ ಕಾಣುತ್ತದೆ. ಹೋಲಿಸಬೇಕಾದದ್ದು ಅಷ್ಟೇ ವಯಸ್ಸಿನ, ಸರಿಯಾಗಿ ಮಾಯ್ದ ಇನ್ನೊಂದು ಕಲೆಯೊಂದಿಗೆ. ಓದುಗರಾಗಿ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವುದಕ್ಕೆ ಹೋಲಿಸಿ ಅಸಹಜ?

ಬರಹ ಮತ್ತು ಓದು ಬೇರೆ ಎನ್ನುವುದಕ್ಕೆ ಪ್ರಯೋಗಾಲಯ ಬೇಡ, ಅತ್ತೆಯ ಕೈ ಸಾಕು. ಎಡ ಅಂಗೈಯಲ್ಲಿ ಹೆಬ್ಬೆರಳ ಬುಡದಿಂದ ಅಡ್ಡಲಾಗಿ ಕೂದಲೆಳೆಯಂಥ ಗೆರೆಯೊಂದಿದೆ. ಹಲಸಿನಕಾಯಿ ಹೆಚ್ಚುವಾಗ ಈಳಿಗೆಮಣೆ ಕೊಯ್ದದ್ದು. ಮೂಳೆ ಕಾಣುವಷ್ಟು ಆಳವಾಗಿತ್ತಂತೆ. ಹುಡುಕಿದರೆ ಮಾತ್ರ ಕಾಣುತ್ತದೆ. ಒಂದೇ ದೇಹ, ಒಂದೇ ಡಿಎನ್‌ಎ. ಅಂಗೈಯ ಆಳಗಾಯ ಗೆರೆಯಾಯಿತು, ಕಿವಿಯ ಸೂಜಿತೂತು ನೆಲ್ಲಿಕಾಯಾಯಿತು. ಕೀಲಾಯ್ಡ್ ಅಂಗೈಯಲ್ಲಿ, ಅಂಗಾಲಿನಲ್ಲಿ, ಕಣ್ಣಿನ ರೆಪ್ಪೆಯಲ್ಲಿ ಬಹಳ ಅಪರೂಪ. ಎದೆಯ ನಡು, ಭುಜ, ದವಡೆಯ ಅಂಚು, ಕಿವಿ, ಇವು ಅದರ ಮೆಚ್ಚಿನ ಜಾಗಗಳು. ಟೋಕಿಯೊದ ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ರೆಯಿ ಒಗಾವ ಮತ್ತು ಸಂಗಡಿಗರು ಇದಕ್ಕೆ ಎಳೆತವೇ ಮುಖ್ಯ ಕಾರಣವೆಂದು ವರ್ಷಗಳಿಂದ ವಾದಿಸುತ್ತಿದ್ದಾರೆ. ತೋಳೆತ್ತಿದಾಗಲೆಲ್ಲ ಎದೆಯ ಚರ್ಮ ಅಡ್ಡಕ್ಕೆ ಜಗ್ಗುತ್ತದೆ. ಆ ಜಗ್ಗುವ ದಿಕ್ಕಿನಲ್ಲೇ ಎದೆಯ ಕೀಲಾಯ್ಡ್ ಏಡಿಯ ಕೊಂಡಿಯಂತೆ ಹರಡುತ್ತದೆ, ಭುಜದ್ದು ಚಿಟ್ಟೆಯಂತೆ. ರೆಪ್ಪೆಯ ಚರ್ಮ ಸಡಿಲ, ಅಲ್ಲಿ ಬರುವುದೇ ಇಲ್ಲವೆನ್ನಬಹುದು. ಆದರೆ ಎಳೆತವೊಂದೇ ಉತ್ತರವೆಂದರೆ ಕಿವಿ ಒಪ್ಪುವುದಿಲ್ಲ. ಅಲ್ಲಿ ಜಗ್ಗುವಂಥದ್ದು ಹೆಚ್ಚೇನೂ ಇಲ್ಲದಿದ್ದರೂ ಕೀಲಾಯ್ಡ್ ಧಾರಾಳ.

ಕಿವಿಯ ಒಗಟಿಗೆ ವಯಸ್ಸು ಒಂದು ಸುಳಿವು ಕೊಡುತ್ತದೆ. ಕಿವಿ ಚುಚ್ಚಿಸಿ ಕೀಲಾಯ್ಡ್ ಬಂದ 32 ಮಂದಿಯನ್ನು ವಿಚಾರಿಸಿದ ಅಮೆರಿಕದ ಪುಟ್ಟ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಮೊದಲ ಸಲ ಚುಚ್ಚಿಸಿದಾಗಲೇ ಕೀಲಾಯ್ಡ್ ಎದ್ದದ್ದು, 11 ವರ್ಷಕ್ಕೆ ಮೊದಲು ಚುಚ್ಚಿಸಿಕೊಂಡವರಲ್ಲಿ ಸುಮಾರು ಶೇ. 24, ಆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 80. ಮೂವತ್ತೆರಡು ಜನರಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಕೀಲಾಯ್ಡ್ ಹೆಚ್ಚಾಗಿ ಕಾಣುವುದು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನಲ್ಲಿ ಎಂಬ ಹಳೆಯ ಅನುಭವಕ್ಕೆ ಇದು ತಾಳೆಯಾಗುತ್ತದೆ. ಅತ್ತೆಯ ಬಲಗಿವಿಯನ್ನು ಮತ್ತೆ ನೋಡಿ. ಹಸುಗೂಸಿನಲ್ಲಿ ಮಾಡಿದ ಓಲೆಯ ತೂತು ಸುಮ್ಮನಿದೆ, ಹದಿನೇಳರಲ್ಲಿ ಮಾಡಿದ ಬುಗುಡಿಯ ತೂತು ಉಕ್ಕಿದೆ. ನಡುವೆ ಒಂದೂವರೆ ಅಂಗುಲ ಮತ್ತು ಹದಿನಾರು ವರ್ಷದ ಅಂತರ. ವರ್ಷ ತುಂಬುವುದರೊಳಗೆ ಕಿವಿ ಚುಚ್ಚಿಸುವ ಶಾಸ್ತ್ರ ಹಾಕಿಕೊಟ್ಟವರಿಗೆ ಈ ಲೆಕ್ಕ ತಿಳಿದಿತ್ತೆಂದು ಎದೆಯುಬ್ಬಿಸುವ ಅಗತ್ಯವಿಲ್ಲ. ರೂಢಿಯೊಂದು ಆಕಸ್ಮಿಕವಾಗಿ ಒಳ್ಳೆಯದನ್ನು ಮಾಡಿತು, ಅಷ್ಟೆ.

ಮೈಬಣ್ಣದ ವಾದವನ್ನೂ ಇಲ್ಲೇ ಮುಗಿಸೋಣ. ಆಫ್ರಿಕಾ ಮೂಲದವರಲ್ಲಿ, ಏಷ್ಯಾದವರಲ್ಲಿ ಕೀಲಾಯ್ಡ್ ಹೆಚ್ಚು, ಬಿಳಿಯರಲ್ಲಿ ಕಡಿಮೆ. ಇದರಿಂದ ‘ಕಪ್ಪು ಚರ್ಮದ ಕಾಯಿಲೆ’ ಎಂಬ ಹಣೆಪಟ್ಟಿ ಹುಟ್ಟಿತು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಕಾರಣವೆಂಬ ಊಹೆ ಬಹುಕಾಲ ನಡೆಯಿತು. 2015ರಲ್ಲಿ ತಾಂಜಾನಿಯಾದ ಸಮೀಕ್ಷೆಯೊಂದು ಈ ಊಹೆಯನ್ನು ನೇರವಾಗಿ ಒರೆಗೆ ಹಚ್ಚಿತು. ಅಲ್ಲಿ ಹುಟ್ಟಿನಿಂದ ಮೆಲನಿನ್ ಇಲ್ಲದ ಅಥವಾ ತೀರ ಕಡಿಮೆಯಿರುವ ಆಲ್ಬಿನೋ ಜನ ಗಣನೀಯ ಸಂಖ್ಯೆಯಲ್ಲಿದ್ದಾರೆ. ಸಾಮಾನ್ಯ ಬಣ್ಣದವರಲ್ಲಿ ಕೀಲಾಯ್ಡ್ ಸುಮಾರು ಶೇ. 8.5 ಇದ್ದರೆ, ಆಲ್ಬಿನೋಗಳಲ್ಲಿ ಸುಮಾರು ಶೇ. 7.5. ಹೆಚ್ಚುಕಡಿಮೆ ಒಂದೇ. ಕಾರಣ ಬಣ್ಣವಲ್ಲ, ಬಣ್ಣದ ಜೊತೆಯಲ್ಲಿ, ಅದೇ ಪೂರ್ವಜರಿಂದ ಇಳಿದು ಬಂದ ಬೇರೇನೋ. ಕಣ್ಣಿಗೆ ಕಾಣುವುದನ್ನು ಕಾರಣವೆಂದು ಹಿಡಿಯುವುದು ಎಷ್ಟು ಸಲೀಸು, ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಸೊಗಸಾದ ಪಾಠ ಸಿಗದು.

ಒಂದು ಅಣುವನ್ನು ಕಾರಣವೆಂದು ಹಿಡಿಯುವುದೂ ಅಷ್ಟೇ ಸಲೀಸು. ಕಲೆ ಕಟ್ಟುವ ಕೆಲಸಕ್ಕೆ ಹಸಿರು ನಿಶಾನೆ ತೋರುವ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಕೀಲಾಯ್ಡಿನಲ್ಲಿ ತುಂಬಿ ತುಳುಕುತ್ತದೆ. ಹಾಗಾದರೆ ಅದರ ವಂಶವಾಹಿಯಲ್ಲೇ ದೋಷವಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಮ್ಯಾಂಚೆಸ್ಟರಿನ ಸಂಶೋಧಕರು ಆ ವಂಶವಾಹಿಯ ಸಾಮಾನ್ಯ ರೂಪಭೇದಗಳನ್ನು ರೋಗಿಗಳಲ್ಲಿ ಹುಡುಕಿ 2003ರಲ್ಲಿ ಕೊಟ್ಟ ಉತ್ತರ: ಸಂಬಂಧ ಕಾಣಲಿಲ್ಲ. ಅದೇ ಊರಿನ ರೆನೊವೊ ಕಂಪನಿ ಇದರ ಸೋದರ ಪ್ರೋಟೀನಿನಿಂದ ಜುವಿಸ್ಟಾ ಎಂಬ ಔಷಧ ಮಾಡಿತು. ಗರ್ಭದೊಳಗಿನ ಎಳೆಯ ಭ್ರೂಣದ ಗಾಯ ಕಲೆಯೇ ಇಲ್ಲದೆ ಮಾಯುತ್ತದೆ. ಆ ಗುಟ್ಟನ್ನು ಬಾಟಲಿಗೆ ತುಂಬುವ ಆಸೆ ಅದು. ಮೊದಲ ಪ್ರಯೋಗಗಳು ಆಸೆ ಹುಟ್ಟಿಸಿದವು. 2011ರಲ್ಲಿ ಮೂರನೆಯ ಹಂತದ ದೊಡ್ಡ ಪರೀಕ್ಷೆಯಲ್ಲಿ ಔಷಧ ಗುರಿ ಮುಟ್ಟಲಿಲ್ಲ. ನೂರಾರು ಸಹಿಗಳ ಅರ್ಜಿಯಲ್ಲಿ ಒಂದು ಸಹಿ ಅಳಿಸಿದರೆ ಅರ್ಜಿ ವಜಾ ಆಗುವುದಿಲ್ಲ.

ದೋಷ ಎಂಬ ಪದದ ಮೇಲೆ ಯಾಕಿಷ್ಟು ಹಟ, ಪದ ಯಾವುದಾದರೇನು ಎನ್ನಬಹುದು. ಪದದ ಬೆಲೆ ಎಷ್ಟೆಂದು ಹಿರೋಷಿಮಾ ಬಲ್ಲದು. 1945ರ ಆಗಸ್ಟ್ 6ರ ಬಾಂಬಿನ ಬೆಂಕಿಯಲ್ಲಿ ಬೆಂದು ಬದುಕಿದವರ ಮುಖ, ಕತ್ತು, ತೋಳುಗಳ ಮೇಲೆ ಮುಂದಿನ ತಿಂಗಳುಗಳಲ್ಲಿ ದಪ್ಪ ಬರೆಗಳು ಎದ್ದವು. ಕೀಲಾಯ್ಡ್ ಎಂಬ ವೈದ್ಯಕೀಯ ಪದ ಜಪಾನಿನ ಬೀದಿಮಾತಾಯಿತು. ಆ ಬರೆ ಹೊತ್ತವರಿಗೆ ಕೆಲಸ ಸಿಗುವುದು ಕಷ್ಟವಾಯಿತು, ಮದುವೆ ಇನ್ನೂ ಕಷ್ಟ. ಅವರ ರಕ್ತ ಕೆಟ್ಟಿದೆ, ಹುಟ್ಟುವ ಮಕ್ಕಳೂ ಕೆಟ್ಟಿರುತ್ತವೆ ಎಂಬ ಭಯ ಹಬ್ಬಿತು. 1955ರಲ್ಲಿ ಅಂಥ 25 ಯುವತಿಯರನ್ನು ಶಸ್ತ್ರಚಿಕಿತ್ಸೆಗಾಗಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಗೆ ಕರೆದೊಯ್ದರು. ಮುಖ ತೋರಿಸಲಾಗದೆ ವರ್ಷಗಟ್ಟಲೆ ಮನೆಯೊಳಗೇ ಉಳಿದವರು ಅವರಲ್ಲಿದ್ದರು. ವಂಶವಾಹಿ ವಿಜ್ಞಾನಿಗಳಾದ ಜೇಮ್ಸ್ ನೀಲ್ ಮತ್ತು ವಿಲಿಯಂ ಶಲ್ ಬದುಕುಳಿದವರ ಮಕ್ಕಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಆನುವಂಶಿಕ ಕಾಯಿಲೆಗಳು ಗಮನಾರ್ಹವಾಗಿ ಹೆಚ್ಚಿರುವುದು ಕಾಣಲಿಲ್ಲ. ಆದರೆ ಆ ಫಲಿತಾಂಶ ಬರುವ ಹೊತ್ತಿಗೆ ಎಷ್ಟೋ ಮಾತುಕತೆಗಳು ಮುರಿದುಬಿದ್ದಿದ್ದವು. ಚರ್ಮದ ಮೇಲಿನ ಬರೆಯನ್ನು ರಕ್ತದ ಬರೆಯೆಂದು ಓದಿದ ಸಮಾಜ ಅದು. ಹೆಣ್ಣು ನೋಡಲು ಬಂದವರ ಮುಂದೆ ಸೆರಗು ಎಳೆದುಕೊಳ್ಳುವ ನಮ್ಮ ಸಮಾಜ ಅದಕ್ಕಿಂತ ಬಹಳ ದೂರವೇನಿಲ್ಲ. ಜಾತಕದ ಜೊತೆಗೆ ಡಿಎನ್‌ಎ ವರದಿಯನ್ನೂ ಹೊಂದಿಸಿ ನೋಡುವ ಕಾಲ ಬಂದರೆ, ‘ದೋಷ’ ಎಂಬ ಪದ ಅಲ್ಲಿ ಏನು ಮಾಡುತ್ತದೆಂದು ನಾವು ಊಹಿಸಬಲ್ಲೆವು.

ಇದಕ್ಕೆ ಎದುರುವಾದವೂ ಇದೆ. ದೋಷವೆನ್ನಿ, ಪ್ರವೃತ್ತಿಯೆನ್ನಿ, ಬರುವುದು ಬಂದೇ ಬರುತ್ತದಲ್ಲ, ವಂಶವಾಹಿಯನ್ನು ತಿದ್ದಲಾಗುತ್ತದೆಯೇ? ಈ ಮಾತಿನ ಹಿಂದೆ ಹಣೆಬರಹದ ಹಳೆಯ ನೆರಳಿದೆ. ಇಲ್ಲಿಯವರೆಗಿನ ಸಾಕ್ಷ್ಯ ಹೇಳುವುದು ಇದರ ವಿರುದ್ಧವನ್ನೇ. ಗಾಯವಿಲ್ಲದೆ ಕೀಲಾಯ್ಡ್ ಇಲ್ಲವೆಂಬುದು ಹೆಚ್ಚುಕಡಿಮೆ ನಿಯಮ. ಬರಹ ನಮ್ಮ ಕೈಯಲ್ಲಿಲ್ಲ. ಗಾಯ, ಅದರ ಜಾಗ, ಅದಾಗುವ ವಯಸ್ಸು, ಹೊಲಿಗೆಯ ಎಳೆತ, ಇವೆಲ್ಲ ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಆದ್ದರಿಂದ ವಂಶವಾಹಿಯ ಸಂಶೋಧನೆ ಹೊಣೆಯನ್ನು ರೋಗಿಯ ರಕ್ತದ ಮೇಲೆ ಹಾಕುವುದಿಲ್ಲ. ಸೂಜಿ ಹಿಡಿದವರ, ಕತ್ತಿ ಹಿಡಿದವರ ಮೇಲೆ ಹಾಕುತ್ತದೆ. ಚುಚ್ಚುವ ಮೊದಲು, ಕೊಯ್ಯುವ ಮೊದಲು ಒಂದು ಪ್ರಶ್ನೆ: ‘ನಿಮಗೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಗಾಯ ಮಾಯ್ದ ಜಾಗ ಗಂಟುಕಟ್ಟಿದ್ದುಂಟೇ?’ ಇದಕ್ಕೆ ಯಾವ ಪರೀಕ್ಷೆಯೂ ಬೇಡ. ಇವತ್ತಿನ ಮಟ್ಟಿಗೆ ಯಾವ ಡಿಎನ್‌ಎ ವರದಿಗಿಂತಲೂ ಇದರ ಉತ್ತರವೇ ಹೆಚ್ಚು ಉಪಯೋಗದ್ದು.

ಉತ್ತರ ‘ಹೌದು’ ಎಂದಾದರೆ ಮಾಡಬಹುದಾದದ್ದು ಬಹಳಷ್ಟಿದೆ. ಅಲಂಕಾರಕ್ಕೆ ಚುಚ್ಚಿಸುವುದನ್ನು ಬಿಡಬಹುದು. ಎದೆ, ಭುಜಗಳ ಮೇಲಿನ ನಿರುಪದ್ರವಿ ಮಚ್ಚೆಯನ್ನು ಅಂದಕ್ಕಾಗಿ ತೆಗೆಸದಿರಬಹುದು. ಆಪರೇಷನ್ ಅನಿವಾರ್ಯವಾದರೆ ಎಳೆತ ಬೀಳದಂತೆ ಹೊಲಿದು, ಮೊದಲ ತಿಂಗಳುಗಳಲ್ಲೇ ಸಿಲಿಕೋನ್ ಪಟ್ಟಿ ಹಾಕಿ, ಉಬ್ಬು ಶುರುವಾದ ಕೂಡಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು. ಹಳೆಯ ಗಂಟನ್ನು ತೆಗೆಯಲೇಬೇಕಾದರೆ ಕೊಯ್ದು ಸುಮ್ಮನೆ ಕಳಿಸದೆ, ಇಂಜೆಕ್ಷನ್, ಒತ್ತುವ ಕ್ಲಿಪ್, ಕೆಲವರಿಗೆ ಒಂದೆರಡು ದಿನದೊಳಗೆ ವಿಕಿರಣ, ಹೀಗೆ ಜೊತೆ ಚಿಕಿತ್ಸೆ ಕೊಟ್ಟರೆ ಮರಳಿ ಬರುವ ಸಂಭವ ಬಹಳ ತಗ್ಗುತ್ತದೆ. ಅತ್ತೆಗೆ ಎರಡು ಸಲ ಆದದ್ದು ಬರಿಯ ಕೊಯ್ಲು. ಎರಡನೆಯ ಸಲ ಗಂಟು ಮರಳಿದಾಗ ‘ನಿಮ್ಮ ಮೈಯೇ ಹಾಗೆ ತಾಯಿ’ ಎಂದು ಕಳಿಸಿದರಂತೆ. ಮೈ ಹಾಗೆ ಎಂದು ಗೊತ್ತಿದ್ದ ಮೇಲೆ ಕತ್ತಿ ಹೀಗೇಕೆ ಎಂದು ಕೇಳುವವರು ಆಗ ಯಾರೂ ಇರಲಿಲ್ಲ.

ಕಳೆದ ವರ್ಷ ತಂಗಿಯ ಮಗಳು ಕಿವಿಯ ಮೇಲ್ಭಾಗಕ್ಕೆ ಒಂದು ರಿಂಗ್ ಹಾಕಿಸಿಕೊಳ್ಳುವುದಾಗಿ ಹೊರಟಳು. ಹತ್ತೊಂಬತ್ತು ವಯಸ್ಸು. ಮಾಲಿನ ಅಂಗಡಿಯವರು ಕೇಳಿದ್ದು ಎರಡೇ: ಒಂದು ಕಿವಿಯೋ ಎರಡೋ, ಕಾರ್ಡೋ ಕ್ಯಾಶೋ. ಶನಿವಾರಕ್ಕೆ ಬುಕ್ ಮಾಡಿ ಬಂದಿದ್ದಳು. ನಾನು ಅವಳ ಎಡತೋಳು ನೋಡಿದೆ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯ ಗುರುತು ಹೆಚ್ಚಿನವರಿಗೆ ಸಣ್ಣ ತಗ್ಗಾಗಿರುತ್ತದೆ. ಅವಳದು ಬೆರಳಾಡಿಸಿದರೆ ಕಡಲೆಬೇಳೆಯಂತೆ ಉಬ್ಬಿ ಸಿಗುತ್ತಿತ್ತು. ಅದೊಂದರಿಂದ ಏನನ್ನೂ ಖಚಿತವಾಗಿ ಹೇಳಲಾಗದು ಎಂದೇ ಹೇಳಿದೆ. ಅತ್ತೆ ಪಕ್ಕದಲ್ಲಿ ಕೂತು ಕೇಳುತ್ತಿದ್ದವರು ಸೆರಗು ಸರಿಸಿ ಬಲಗಿವಿ ತೋರಿಸಿದರು. ಹುಡುಗಿ ಹತ್ತಿರ ಹೋಗಿ ಬೆರಳ ತುದಿಯಿಂದ ಮುಟ್ಟಿದಳು.

‘ನೋಯುತ್ತಾ ಅಜ್ಜಿ?’

‘ನೋವಿಲ್ಲ ಕಣೇ, ನವೆ. ನನ್ನ ಅಣ್ಣನ ಎದೆ ಮೇಲೂ ಇತ್ತು ಅನ್ನೋದನ್ನ ಆವತ್ತು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.’

ಶನಿವಾರ ಅವಳು ಮಾಲಿಗೆ ಹೋಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಬುಗುಡಿ ಜೋಡಿ ತೆಗೆದುಕೊಂಡು ಇಬ್ಬರೂ ಅಕ್ಕಸಾಲಿಯ ಅಂಗಡಿಗೆ ಹೋದರು. ಹಿಂದಿನ ತಿರುಪು ತೆಗೆಸಿ, ಚುಚ್ಚದೆ ಒತ್ತಿ ಸಿಕ್ಕಿಸುವ ಹಾಗೆ ಮಾಡಿಸಿಕೊಂಡು ಬಂದರು. ಅಂಗಡಿಯವರ ಮಾತಲ್ಲಿ ‘ಪ್ರೆಸ್ಸಿಂಗ್’ ಬುಗುಡಿ. ಒಂದನ್ನು ಹುಡುಗಿ ಹಾಕಿಕೊಂಡಿದ್ದಾಳೆ. ಇನ್ನೊಂದು ಈಗ ಅತ್ತೆಯ ಎಡಗಿವಿಯಲ್ಲಿದೆ.